ಮೇಷ್ಟ್ರ ಕೈಗೆ ವರದಿಗಾರನ ನೋಟ್‌ಬುಕ್

ಅಮೆರಿಕದ ಹೈಸ್ಕೂಲುಗಳಲ್ಲಿ ಮಕ್ಕಳು ಹೊರತರುವ ಪತ್ರಿಕೆಯ ಹೊಣೆ ಎಷ್ಟೋ ಕಡೆ ಇಂಗ್ಲಿಷ್ ಮೇಷ್ಟ್ರ ಹೆಗಲಿಗೆ ಬೀಳುತ್ತದೆ. ಅವರಲ್ಲಿ ಅನೇಕರು ಸುದ್ದಿಮನೆಯ ಹೊಸ್ತಿಲು ತುಳಿದವರಲ್ಲ. ಅಂಥವರಿಗಾಗಿ ಅಲ್ಲಿನ ಪತ್ರಿಕಾ ಸಂಪಾದಕರ ಸಂಘ, ರೆನಾಲ್ಡ್ಸ್ ಪ್ರತಿಷ್ಠಾನದ ನೆರವಿನಿಂದ 2001ರಲ್ಲಿ ಬೇಸಿಗೆ ತರಬೇತಿ ಶುರುಮಾಡಿತು. ವಿಶ್ವವಿದ್ಯಾಲಯದ ಅಂಗಳದಲ್ಲಿ ಎರಡು ವಾರ ಮೇಷ್ಟ್ರೇ ವಿದ್ಯಾರ್ಥಿಗಳಾಗುತ್ತಿದ್ದರು.

ಎಂಥ ಸೊಗಸಾದ ಏರ್ಪಾಡು!

ವರ್ಷಗಟ್ಟಲೆ ಪ್ರಬಂಧ ತಿದ್ದಿದವರು ಇಲ್ಲಿ ತಾವೇ ಬರೆದು ತಿದ್ದಿಸಿಕೊಂಡರು. ಪೀಠಿಕೆ ಹಾಕಿ ನಿಧಾನವಾಗಿ ವಿಷಯಕ್ಕೆ ಬರುವ ರೂಢಿ ಬಿಡಬೇಕು. ಸುದ್ದಿಯ ತಿರುಳು ಮೊದಲ ವಾಕ್ಯದಲ್ಲೇ ಸಿಗಬೇಕು. ಆದರೆ ಹೊರಗಿನವರ ಕಣ್ಣಿಗೆ ಬೀಳದ ಕುಸುರಿ ಇರುವುದು ಸಂದರ್ಶನದಲ್ಲಿ. ಅಂಗೈಯಗಲದ ನೋಟ್‌ಬುಕ್, ತಲೆಗೆ ಸುರುಳಿ ತಂತಿ, ಸರ್ರನೆ ಮೇಲಕ್ಕೆ ಮಗುಚುವ ಹಾಳೆ. ಎದುರಿನವರ ಮುಖದಿಂದ ಕಣ್ಣು ಕೀಳದೆ ಬೆರಳು ಗೀಚುತ್ತಿರಬೇಕು. ಸ್ಮಿತ್ ಎಂಬ ತೀರಾ ಸಾಮಾನ್ಯ ಹೆಸರಿನ ಕಾಗುಣಿತವನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಉತ್ತರ ಮುಗಿದ ಮೇಲೂ ಒಂದು ಗಳಿಗೆ ಸುಮ್ಮನಿರಬೇಕು. ನಿಜವಾದ ಮಾತು ಎಷ್ಟೋ ಸಲ ಆಮೇಲೆ ಬರುತ್ತದೆ. ದಿನವಿಡೀ ಪಾಠ ಹೇಳಿ ಅಭ್ಯಾಸವಾದವರು ಈ ಮೌನ ಕಲಿಯುವುದು ಸಣ್ಣ ಸಾಧನೆಯಲ್ಲ.

ಜೊತೆಗೆ ಕಾನೂನಿನ ಪಾಠ. ವಿಯೆಟ್ನಾಂ ಯುದ್ಧ ವಿರೋಧಿಸಿ ಶಾಲೆಯಲ್ಲಿ ತೋಳಿಗೆ ಕಪ್ಪುಪಟ್ಟಿ ಕಟ್ಟಿದ ಮಕ್ಕಳ ಪರ ಅಲ್ಲಿನ ಸುಪ್ರೀಂ ಕೋರ್ಟು ನಿಂತದ್ದು 1969ರಲ್ಲಿ. 1988ರ ಹೇಜಲ್‌ವುಡ್ ಪ್ರಕರಣದಲ್ಲಿ ಅದೇ ಕೋರ್ಟು, ಹದಿಹರೆಯದ ಗರ್ಭಧಾರಣೆ ಮತ್ತು ವಿಚ್ಛೇದನದ ಬರಹಗಳಿದ್ದ ಶಾಲಾ ಪತ್ರಿಕೆಯ ಎರಡು ಪುಟ ಕಿತ್ತುಹಾಕಿದ ಪ್ರಿನ್ಸಿಪಾಲರ ಪರ ನಿಂತಿತು. ಈ ಎರಡು ತೀರ್ಪುಗಳ ನಡುವಿನ ಇಕ್ಕಟ್ಟಿನಲ್ಲಿ ಮಕ್ಕಳ ಬರಹಕ್ಕೆ ದಾರಿ ಬಿಡಿಸಬೇಕಾದ ಮೇಷ್ಟ್ರು ಸಾಲುಸಾಲಿಗೂ ಕೇಳುತ್ತಾರೆ: ಯಾರು ಹೇಳಿದ್ದು? ನೀನೇ ನೋಡಿದೆಯಾ?