‘ಅವನು’ ‘ಅವಳು’ ಆದ ದೊರೆ

ಉರ್ಸುಲಾ ಲೆ ಗ್ವಿನ್ ಅವರ ‘ವಿಂಟರ್ಸ್ ಕಿಂಗ್’ ಕಥೆಯನ್ನು ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯ ಬೀಜವೆಂದು ಗುರುತಿಸುವುದು ಸಹಜ. ಹಿಮ ಮುಚ್ಚಿದ ಗ್ರಹ, ಕಾರ್ಹೈಡ್ ರಾಜ್ಯ, ಅರ್ಗಾವೆನ್ ಎಂಬ ಹೆಸರಿನ ದೊರೆ, ಸಿಂಹಾಸನವನ್ನು ಕಾಡುವ ಶಂಕೆ ಇವೆಲ್ಲ ಕಥೆಯಲ್ಲಿಯೇ ಇವೆ. ಆದರೆ ಕಾದಂಬರಿಯ ಜೀವಾಳ ಅಲ್ಲಿಲ್ಲ. ಕಾದಂಬರಿಗೆ ತೊಡಗುವ ಒಂದು ವರ್ಷ ಮೊದಲು ಕಥೆ ಬರೆದಾಗ, ಆ ಗ್ರಹದವರು ಒಂದೇ ದೇಹದಲ್ಲಿ ಹೆಣ್ಣೂ ಗಂಡೂ ಆಗಬಲ್ಲವರೆಂಬುದು ಲೇಖಕಿಗೇ ತಿಳಿದಿರಲಿಲ್ಲ. ದೊರೆ ‘ಅವನು’ ಆಗಿದ್ದ.

1975ರ ‘ದಿ ವಿಂಡ್ಸ್ ಟ್ವೆಲ್ವ್ ಕ್ವಾರ್ಟರ್ಸ್’ ಸಂಕಲನಕ್ಕಾಗಿ ಅವರು ಕಥೆಯನ್ನು ತಿದ್ದಿದರು. ‘ದೊರೆ’ ಎಂಬ ಪದವಿ ಹಾಗೆಯೇ ಉಳಿಯಿತು, ಸರ್ವನಾಮ ಮಾತ್ರ ‘ಅವಳು’ ಆಯಿತು. ಕಾದಂಬರಿಯಲ್ಲಿ ‘ಅವನು’ ಎಂಬುದೇ ಇದೆ. ಹೀಗೆ ಕಥೆ ಕಾದಂಬರಿಗೆ ನೆಲ ಕೊಟ್ಟಿತು. ಕಾದಂಬರಿ ಎತ್ತಿದ ಪ್ರಶ್ನೆಗೆ ತಿದ್ದಿದ ಕಥೆಯೇ ಹೆಚ್ಚು ದಿಟ್ಟವಾದ ಉತ್ತರವನ್ನೂ ಕೊಟ್ಟಿತು.

ಇದನ್ನು ಕನ್ನಡಕ್ಕೆ ತರುವವರಿಗೆ ‘ಅವರು’ ಎಂಬ ಸುಲಭದ ದಾರಿಯಿದೆ. ಅದರಲ್ಲಿ ಲಿಂಗ ಮರೆಯಾಗುತ್ತದೆ, ಗೌರವ ಉಳಿಯುತ್ತದೆ. ಆದರೆ ‘ದೊರೆ ಬಂದಳು’ ಎಂಬಲ್ಲಿ ಓದುಗ ಎಡವಿ ನಿಲ್ಲುವ ಕ್ಷಣವೂ ಅದರೊಡನೆ ಕಳೆದುಹೋಗುತ್ತದೆ. ತಿದ್ದಿದ ಕಥೆಯ ಬಲವಿರುವುದು ಆ ಎಡವುವಿಕೆಯಲ್ಲಿಯೇ.