ತುದಿಯಲ್ಲಿ ನಿಂತು ಹೇಳಿದ ಕಥೆ

ಹೋದ ವಾರ ಬೈಬಲಿನ ದಾನಿಯೇಲನ ನಾಲ್ಕು ಮೃಗಗಳ ಹತ್ತಿರ ನಿಲ್ಲಿಸಿದ್ದೆ. ಈ ವಾರ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ (1957) ಚಿತ್ರದ ಕುರಿತು ಬರೆಯುವೆನೆಂದಿದ್ದೆ. ಏಳನೆಯ ಮುದ್ರೆ ಒಡೆದಾಗ ಪರಲೋಕದಲ್ಲಿ ಅರ್ಧ ಗಂಟೆ ಎಲ್ಲ ಸ್ತಬ್ಧವಾಯಿತೆಂದು ಪ್ರಕಟನೆ ಗ್ರಂಥ ಹೇಳುತ್ತದೆ. ಬೆಂಕಿ, ಭೂಕಂಪಗಳನ್ನೆಲ್ಲ ಬಿಟ್ಟು ಬರ್ಗ್‌ಮನ್ ಆರಿಸಿಕೊಂಡದ್ದು ಆ ಅರ್ಧ ಗಂಟೆಯನ್ನು.

‘2012’ರಂಥ ಪ್ರಳಯದ ಚಿತ್ರಗಳ ಮೇಲೆ ನನ್ನ ತಕರಾರು ಹಳೆಯದು. ಊರು ಕುಸಿಯುವುದನ್ನು ತೋರಿಸುತ್ತಾರೆ, ಕಂಡವನನ್ನು ಮರೆಯುತ್ತಾರೆ. ಪ್ರಕಟನೆಯನ್ನು ಬರೆದ ಪತ್ಮೊಸ್ ದ್ವೀಪದ ಯೋಹಾನ ಹೆಜ್ಜೆಹೆಜ್ಜೆಗೂ ತಾನು ಕಂಡೆನೆನ್ನುತ್ತಾನೆ, ಅಳುತ್ತಾನೆ, ಸತ್ತವನಂತೆ ಬೀಳುತ್ತಾನೆ. ಲೋಕಾಂತ್ಯದ ತಾರೀಖು ಲೆಕ್ಕ ಹಾಕುವವರೂ ಅವನನ್ನು ಓದಿದವರಲ್ಲ. ಅಮೆರಿಕದಲ್ಲಿ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಆಕಾಶ ನೋಡುತ್ತ ಕಾದರು, ಬೆಳಗಾಯಿತು, ಅಷ್ಟೇ. ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ ಸಾಲಾಗಿ ನಡೆಯುವ ಘಟನೆಗಳಲ್ಲ, ಒಂದೇ ಅಂತ್ಯವನ್ನು ಮರಳಿ ಮರಳಿ ಹೇಳುವ ಕ್ರಮವೆಂದು ಮೂರನೆಯ ಶತಮಾನದ ವ್ಯಾಖ್ಯಾನಕಾರ ವಿಕ್ಟೋರಿನಸ್ಸೇ ಗುರುತಿಸಿದ್ದ.

ಬರ್ಗ್‌ಮನ್ ಇನ್ನೊಂದು ವಾರ ಕಾಯಲಿ. ಅಂತ್ಯವನ್ನು ಕಂಡವನ ಕಣ್ಣಿನಿಂದಲೇ ಹೇಳುವ, ತುದಿಯಲ್ಲಿ ನಿಂತು ಹಿಂದಿರುಗಿ ನೋಡುವ ವಿದ್ಯೆ ತಿಮ್ಮಾಪುರದವರಾದ ನಮಗೆ ಮಗ್ಗುಲಲ್ಲೇ ಇದೆ. ಮುಧೋಳದ ಬಳೆಗಾರರ ಮನೆಯ ರನ್ನ ಹತ್ತನೆಯ ಶತಮಾನದಲ್ಲಿ ಇಡೀ ಮಹಾಭಾರತವನ್ನು ಕೊನೆಯ ದಿನದ ಗದಾಯುದ್ಧದೊಳಗೆ ಸಿಂಹಾವಲೋಕನ ಕ್ರಮದಿಂದ ತಂದ. ಫ್ಲ್ಯಾಶ್‌ಬ್ಯಾಕ್ ಸಿನಿಮಾದವರ ಶೋಧವೆನ್ನುವವರು ಅವನ ‘ಸಾಹಸಭೀಮ ವಿಜಯ’ವನ್ನು ಒಮ್ಮೆ ತೆರೆಯಲಿ.

ಅದರಲ್ಲೂ ದುರ್ಯೋಧನನ ಆ ನಡಿಗೆ! ಜೊತೆಗೆ ಸಂಜಯ, ಯುದ್ಧವನ್ನೆಲ್ಲ ಕಣ್ಣಾರೆ ಕಂಡವನು. ಹೆಣಗಳ ನಡುವೆ ದಾರಿ ಮಾಡಿಕೊಂಡು ಭೀಷ್ಮನ ಕಡೆ ಹೊರಟ ದೊರೆಗೆ ಮೊದಲು ದ್ರೋಣ ಸಿಗುತ್ತಾನೆ. ಅಭಿಮನ್ಯುವಿನ ಮುಂದೆ ದೊರೆ ನಿಂತು ಶತ್ರುವಿನ ಮಗನನ್ನು ಬಾಯಿತುಂಬ ಹೊಗಳುತ್ತಾನೆ, ತನಗೂ ಅಂಥ ಸಾವು ಬರಲೆಂದು ಬೇಡುತ್ತಾನೆ. ದುಶ್ಶಾಸನನ ಎದುರಲ್ಲಿ ಮಾತ್ರ ದೊರೆತನ ಕಳಚಿ ಬೀಳುತ್ತದೆ. ತಾಯಿಯ ಹಾಲು ಮೊದಲು ಅಣ್ಣನಿಗೆ, ಆಮೇಲೆ ತಮ್ಮನಿಗೆ. ಉಣ್ಣುವುದರಲ್ಲೂ ತಪ್ಪದ ಆ ಸರದಿ ಸಾವಿನಲ್ಲಿ ತಪ್ಪಿತಲ್ಲ ಎಂದು ಗೋಳಾಡುತ್ತಾನೆ. ಒಂದು ವಂಶ ಮುಗಿದದ್ದು ನಮಗೆ ತಟ್ಟುವುದು ಅಲ್ಲಿ, ಹದಿನೆಂಟು ಅಕ್ಷೋಹಿಣಿಯ ಲೆಕ್ಕದಲ್ಲಲ್ಲ.

ಕನ್ನಡದಲ್ಲಿ ಯಾರಾದರೂ ಯುಗಾಂತ್ಯದ ಚಿತ್ರ ತೆಗೆಯುವುದಿದ್ದರೆ ಕುರುಕ್ಷೇತ್ರದಿಂದ ವೈಶಂಪಾಯನ ಸರೋವರದವರೆಗಿನ ಈ ದಾರಿಯನ್ನೇ ತೆಗೆಯಲಿ. ಅದಕ್ಕೆ ಗ್ರಾಫಿಕ್ಸ್ ಬೇಡ. ರನ್ನನ ಪದ್ಯ ಬಾಯಲ್ಲಿ ಸಲೀಸಾಗಿ ಹೊರಳುವ ಒಬ್ಬ ನಟ ಬೇಕು.