ಎಣ್ಣೆ ಹರಿದ ದಿಕ್ಕು

ಬೈಬಲ್ಲಿನ ಅಭಿಷೇಕ ಎಂದರೆ ಮೊದಲು ನೆನಪಾಗುವುದು ಅರಸರ ಪಟ್ಟ. ಕುರಿ ಕಾಯುತ್ತಿದ್ದ ಕಿರಿಮಗ ದಾವೀದನನ್ನು ಕರೆಸಿ, ಪ್ರವಾದಿ ಸಮುವೇಲ ಕೊಂಬಿನಿಂದ ಅವನ ತಲೆಗೆ ಎಣ್ಣೆ ಹೊಯ್ದ ಕಥೆ ಅಷ್ಟು ಪ್ರಸಿದ್ಧ. ಆದರೆ ಈ ಸಂಕೇತದ ಆಳ ತಿಳಿಯಬೇಕಾದರೆ ಅರಮನೆ ಬಿಟ್ಟು ಊರಾಚೆಗೆ ಹೋಗಬೇಕು.

ಯಾಜಕಕಾಂಡದ 14ನೇ ಅಧ್ಯಾಯದಲ್ಲಿ, ಕುಷ್ಠ ವಾಸಿಯಾದವನನ್ನು ಮತ್ತೆ ಜನರೊಳಗೆ ಸೇರಿಸಿಕೊಳ್ಳುವ ವಿಧಿ ಇದೆ. ಯಾಜಕ ತನ್ನ ಎಡ ಅಂಗೈಗೆ ಎಣ್ಣೆ ಹೊಯ್ದುಕೊಂಡು ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. ಮಿಕ್ಕಿದ್ದನ್ನು ತಲೆಗೆ ಸವರುತ್ತಾನೆ. 8ನೇ ಅಧ್ಯಾಯದಲ್ಲಿ ಆರೋನನನ್ನು ಮಹಾಯಾಜಕನನ್ನಾಗಿ ಪ್ರತಿಷ್ಠಿಸುವಾಗ ಬಲಿಯ ರಕ್ತ ಹಚ್ಚಿದ್ದೂ ಇದೇ ಮೂರು ಕಡೆ. ಯಾರೂ ಹತ್ತಿರ ಸೇರಿಸದಿದ್ದವನನ್ನು ಮಹಾಯಾಜಕನ ಹಾಗೆಯೇ ಮುಟ್ಟಲಾಗುತ್ತದೆ. ಅವನು ಬಡವನಾದರೆ ಮೂರು ಕುರಿಗಳ ಬದಲು ಒಂದು ಸಾಕು, ಹಿಟ್ಟೂ ಕಡಿಮೆ. ಎಣ್ಣೆಯ ಅಳತೆ ಮಾತ್ರ ಬದಲಾಗುವುದಿಲ್ಲ.

ಇಲ್ಲೊಂದು ಮಿತಿಯೂ ಇದೆ. ವಿಮೋಚನಕಾಂಡದ 30ನೇ ಅಧ್ಯಾಯ ಹೇಳುವ, 500 ಶೆಕೆಲ್ ರಕ್ತಬೋಳ ಬೆರೆಸಿದ ಪವಿತ್ರ ತೈಲ ಸಾಮಾನ್ಯರ ಮೈಗೆ ಸೋಕಕೂಡದು. ಕುಷ್ಠ ವಾಸಿಯಾದವನಿಗೆ ಹಚ್ಚುವುದು ಅವನೇ ತಂದ ಎಣ್ಣೆ. ಸ್ಪರ್ಶ ಗಡಿ ದಾಟಿತು, ಪರಿಮಳ ದಾಟಲಿಲ್ಲ.

ಅದನ್ನೂ ದಾಟಿಸಿದವಳು ಮಾರ್ಕನ ಸುವಾರ್ತೆಯ ಹೆಸರಿಲ್ಲದ ಹೆಂಗಸು. ಬೇಥಾನ್ಯದಲ್ಲಿ, ಕುಷ್ಠರೋಗಿ ಸೀಮೋನನ ಮನೆಯಲ್ಲಿ, ಅವಳು ಭರಣಿ ಒಡೆದು ಯೇಸುವಿನ ತಲೆಗೆ ಜಟಾಮಾಂಸಿ ತೈಲ ಸುರಿಯುತ್ತಾಳೆ. ಅದರ ಬೆಲೆ 300 ದಿನಾರಿಗೂ ಹೆಚ್ಚು, ಕೂಲಿಯವನ ಸುಮಾರು ಒಂದು ವರ್ಷದ ದುಡಿಮೆ. ದಂಡ ಎಂದು ಕೆಲವರು ಗೊಣಗಿದರು. ಯೇಸು ಅದನ್ನು ತನ್ನ ಸಮಾಧಿಯ ಸಿದ್ಧತೆ ಎಂದು ಸ್ವೀಕರಿಸಿದ. ಪಟ್ಟದ ಎಣ್ಣೆ ಸಾವಿಗೆ ಹೊರಟವನ ತಲೆ ಸೇರಿತು. ಮುಂದೆ ಯಾಕೋಬನ ಪತ್ರಿಕೆಯಲ್ಲಿ ಸಭೆಯ ಹಿರಿಯರು ಎಣ್ಣೆ ಹಿಡಿದು ಕಾಯಿಲೆಯವರ ಬಳಿಗೇ ಹೋಗುತ್ತಾರೆ.

ಚರ್ಚಿನ ಆಚರಣೆಯನ್ನು ಈ ದಿಕ್ಕಿನಿಂದಲೇ ಅಳೆಯಬೇಕು. ಕಥೋಲಿಕರಲ್ಲಿ ಈ ತೈಲಲೇಪನ ಶತಮಾನಗಳ ಕಾಲ ಸಾವಿನಂಚಿನವರ ಸಂಸ್ಕಾರವಾಗಿ ಉಳಿದಿತ್ತು. 1972ರಲ್ಲಿ ಪೋಪ್ ಆರನೇ ಪಾಲ್ ಅದರ ವಿಧಿಯನ್ನು ಪರಿಷ್ಕರಿಸಿ, ಗಂಭೀರ ಕಾಯಿಲೆಯವರ ಸಂಸ್ಕಾರವೆಂದು ಸ್ಪಷ್ಟಪಡಿಸಿದ್ದು ಗ್ರಂಥಕ್ಕೆ ನಿಷ್ಠವಾದ ನಡೆ. ಪ್ರಾರ್ಥಿಸಿದ ಎಣ್ಣೆ ಎಂದು ಶೀಶೆಗೆ ಬೆಲೆ ಕಟ್ಟಿ ಮಾರುವುದು ಅದಕ್ಕೆ ಬೆನ್ನು ತಿರುಗಿಸಿದಂತೆ. ‘ಅಭಿಷಿಕ್ತರನ್ನು ಪ್ರಶ್ನಿಸಬಾರದು’ ಎನ್ನುವ ಬೋಧಕರ ವಾದವೂ ಗ್ರಂಥದ ಮುಂದೆ ನಿಲ್ಲುವುದಿಲ್ಲ. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿದ ದಾವೀದನೆದುರು ನಿಂತ ಪ್ರವಾದಿ ನಾತಾನ, ದೇವರು ಅವನಿಗೆ ಮಾಡಿಸಿದ ಅಭಿಷೇಕವನ್ನೇ ಆರೋಪದ ಮೊದಲ ಮಾತಾಗಿಸುತ್ತಾನೆ. ಎಣ್ಣೆ ಬಿದ್ದ ತಲೆಗೆ ಅಂದು ರಿಯಾಯಿತಿ ಸಿಗಲಿಲ್ಲ, ಹೊಣೆ ಹೆಚ್ಚಿತು.